ಎಲ್ಲಾ ಕಾಲಕ್ಕೂ

"ಯಾವ ಚಳಿಗಾಲಕ್ಕೆ?" ಅಂದ ಅದ್ರಾಮಣ್ಣ,
ಕೆ.ಎಂ. ರಸ್ತೆಯ ಅಂಗಡಿಯಲ್ಲಿ
ಟೈರಿನ ಗುಡ್ಡೆಯ ಮೇಲೆ ಕೂತು ಚಹಾ ಆರಿಸುತ್ತ.
"ಕಂಪನಿಯವರ ಚಳಿಗಾಲ ಬೇರೆ, ಡಾಕ್ಟ್ರೆ.
ಟೈರಿನ ಕೆನ್ನೆಗೆ ಒಂದು ಬೆಟ್ಟ,
ಬೆಟ್ಟದೊಳಗೊಂದು ಹಿಮದ ಹೂ ಅಚ್ಚೊತ್ತಿರ್ತಾರೆ.
ನಮ್ಮ ಬೆಟ್ಟದಲ್ಲಿ ಆ ಹೂ ಬಿಟ್ಟಿದ್ದು ಕಂಡಿದ್ದೀರಾ?"

ಕಂಡಿಲ್ಲ.
ಕಂಡಿದ್ದು, ಡಿಸೆಂಬರಿನ ಬೆಳಗಿನ ಐದಕ್ಕೆ
ಕೈಮರದಾಚೆ ಹೆಡ್‌ಲೈಟಿಗೆ ಅಡ್ಡ ನಿಂತ ಮಂಜು,
ಒಡೆದ ಹಾಲಿನ ಹಾಗೆ ಅಲ್ಲೊಂದು ಇಲ್ಲೊಂದು ಗಡ್ಡೆ.
ಡ್ಯಾಶ್‌ಬೋರ್ಡಿನಲ್ಲಿ ಹನ್ನೊಂದು ಡಿಗ್ರಿ,
ಹತ್ತಕ್ಕಿಳಿದರೆ ಊರಿಗೆಲ್ಲ ಸುದ್ದಿ.
ಸಿಲ್ವರ್ ಓಕು ತೊಟ್ಟಿಕ್ಕಿ ತಿರುವಷ್ಟೇ ಒದ್ದೆ,
ಮಿಕ್ಕ ರಸ್ತೆ ಒಣ ಒಣ.
ಟ್ರ್ಯಾಕ್ಟರು ಚೆಲ್ಲಿಹೋದ ಹಣ್ಣುಕಾಫಿಯ ಸಿಪ್ಪೆ
ಲೋಳೆ ಲೋಳೆ, ಹುಳಿ ಹುಳಿ.
ಇದಕ್ಕೆ ಯಾವ ಕಂಪನಿ ಏನು ಚಿತ್ರ ಬರೆದೀತು?

ನನ್ನ ಕಾರು ಕೆಂಪು, ತಗ್ಗು, ಎರಡನೇ ಕೈಯದು.
ನಲವತ್ತೇಳಕ್ಕೆ ಕೊಂಡಿದ್ದು.
"ದನದ ಡಾಕ್ಟ್ರಿಗೆ ಇಂಥಾ ಕಾರ್ಯಾಕವ್ವಾ,
ಹೊಟ್ಟೆ ನೆಲಕ್ಕೆ ತಾಗೋದು?"
ವಸ್ತಾರೆಯ ಹಾಲಮ್ಮ ಕೇಳಿದ್ದಳು
ಕರು ಎಳೆಯುವ ಹಗ್ಗ ನಾನು ಡಿಕ್ಕಿಯಿಂದ ತೆಗೆಯುವಾಗ.
ಮೂರನೇ ಗೇರಿನಲ್ಲಿ ತಿರುವು ಬಿಚ್ಚಿಕೊಳ್ಳುವ ಹೊತ್ತಿಗೆ
ನನ್ನೊಳಗೂ ಒಂದು ಕರು ಹೊರಳುತ್ತದೆ
ಅಂತ ಅವಳಿಗೆ ಹೇಗೆ ಹೇಳಲಿ?
"ಮೈಲೇಜ್ ಚೆನ್ನಾಗಿದೆ" ಅಂದೆ. ಸುಳ್ಳು.

ಹುಡುಗ ಲೋಹಿತ ಜಾಕ್ ಏರಿಸಿದ.
ಅದ್ರಾಮಣ್ಣ ಹಳೆಯ ಟೈರುಗಳ ಮೇಲೆ ಅಂಗೈ ಆಡಿಸಿದ,
ಕಣ್ಣು ಮುಚ್ಚಿಕೊಂಡೇ.
"ಮುಂದಿನ ಎಡಗಡೆದು ಹೊರಅಂಚು ಬೋಳು.
ಬಲ ತಿರುವಲ್ಲಿ ಚೆನ್ನಾಗಿ ಎಳೀತೀರಿ.
ಬಲಗಡೆದು ಮಾತ್ರ ಮೊನ್ನೆ ತಂದ ಹಾಗಿದೆ.
ಎಡ ತಿರುವು ಅಂದ್ರೆ ಯಾಕೆ ಭಯ?"

ಗೊರಸು ನೋಡಿ ಕೊಟ್ಟಿಗೆಯ ನೆಲ ಹೇಳುವವಳು ನಾನು,
ಯಾರು ಒದ್ದೆಯಲ್ಲೇ ಕಟ್ಟುತ್ತಾರೆ,
ಯಾರ ಮನೆಯಲ್ಲಿ ಮೇವು ಮೊದಲು, ಮಾತು ಆಮೇಲೆ.
ನನ್ನ ಕಾಲು ನೋಡಿ ಹೇಳಿದವರು ಇದೇ ಮೊದಲು.
ಮಲ್ಲಂದೂರಿನ ಆ ಎಡ ತಿರುವು,
ಆ ಬೆಳಗು, ಆ ಸೈಕಲ್ಲು,
ಕೂದಲೆಳೆಯಲ್ಲಿ ಉಳಿದು ನನ್ನನ್ನು ನೋಡಿ ನಕ್ಕ ಆ ಹುಡುಗ.
ಅವನು ನಕ್ಕಿದ್ದೇ ಇವತ್ತಿಗೂ ತಡೆಯಲಾಗುವುದಿಲ್ಲ.
ಹೇಳಲಿಲ್ಲ. ಚಹಾ ಕುಡಿದೆ.

ಎರಡು ಟೈರು ಉರುಳಿಸಿ ತಂದ.
"ಇದು ಮೆತ್ತಗೆ. ಒಣ ರಸ್ತೇಲಿ ಹಲ್ಲಿ.
ಇಪ್ಪತ್ತು ಸಾವಿರ ಕಿಲೋಮೀಟರಿಗೆ ಮುಗೀತು.
ಚಳೀಲಿ ಬೆಳಿಗ್ಗೆ ಏಳೋಕೆ ಕೊಂಚ ಸೋಮಾರಿ.
ಇದು ಎಲ್ಲಾ ಕಾಲದ್ದು.
ಯಾವುದರಲ್ಲೂ ಫಸ್ಟ್ ಕ್ಲಾಸಿಲ್ಲ, ಯಾವುದರಲ್ಲೂ ಫೇಲಿಲ್ಲ.
ಸ್ಟೇರಿಂಗು ಕೇಳಿದ್ದಕ್ಕೆ ಅರೆಗಳಿಗೆ ಯೋಚಿಸಿ ಉತ್ತರ ಕೊಡುತ್ತೆ."

ಎರಡಕ್ಕೂ ಉಗುರೂರಿ ನೋಡಿದೆ, ಅಭ್ಯಾಸಬಲ.
ಮಳೆಗೆ ಮೆದುವಾಗಿ ಬೇಸಿಗೆಗೆ ಗಟ್ಟಿಯಾಗಿ
ನಡುವೆ ಸೀಳಿ ಕೆಸರಿಗೆ ದಾರಿ ಬಿಟ್ಟು
ಹಸು ನಡೆಯುತ್ತದೆ.
ಅದರ ನಾಲ್ಕು ಕಾಲಿಗೂ ಎಲ್ಲಾ ಕಾಲ.
ಯಾರೂ ಕಾರ್ತೀಕಕ್ಕೊಂದು ಚೈತ್ರಕ್ಕೊಂದು
ಗೊರಸು ಬದಲಿಸಿದ್ದು ನಾನಂತೂ ಕಂಡಿಲ್ಲ.

ಆದರೂ ಮೆತ್ತಗಿನದರ ಮೇಲೆ ಕೈ ಒಂದು ಗಳಿಗೆ ಹೆಚ್ಚೇ ನಿಂತಿತು.
ಸುಳ್ಳು ಯಾಕೆ ಹೇಳಲಿ.

"ಅರೆಗಳಿಗೆ ಯೋಚಿಸೋದನ್ನೇ ಹಾಕಿ."
ಐನೂರು ಚೌಕಾಸಿ ಮಾಡಿದೆ, ಮುನ್ನೂರು ಬಿಟ್ಟ.
ಹುಟ್ಟಿದ ವಾರ ನೋಡಿದೆ: ಮೂವತ್ತೆಂಟನೆಯದು, ಎಳೆಗೂಸು.
ಮೈತುಂಬ ರಬ್ಬರಿನ ಸಣ್ಣ ಸಣ್ಣ ಕೂದಲು.
"ಮೊದಲ ಇನ್ನೂರು ಕಿಲೋಮೀಟರು ಮೆಲ್ಲಗೆ," ಅಂದ.

ನಾಲ್ಕೂವರೆಗೆ ಫೋನು. ಮಲ್ಲಂದೂರು. ಕರು ಅಡ್ಡ ಬಿದ್ದಿದೆ.
ಮಂಜು. ಹನ್ನೊಂದು ಡಿಗ್ರಿ.
ಆ ಎಡ ತಿರುವು ಬಂತು. ನಾನು ನಿಧಾನವೇ ಇದ್ದೆ,
ಆದರೆ ನಿಲ್ಲಲಿಲ್ಲ.
ಟೈರು ಗುಂಯ್ ಅಂದು, ಯೋಚಿಸಿ, ಹಿಡಿಯಿತು.

ಬಲಗಡೆಯದರಲ್ಲಿ
ಒಂದೆರಡು ಕೂದಲು ಉದುರಿರಬೇಕು.