ಗದ್ಯಭಾಗದಿಂದ ತಿಳಿದುಬರುವುದಿಲ್ಲ

ಸಾಲಗಾಮೆ ರಸ್ತೆ, ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆ.
ಕೆಳಗೆ ಯಂತ್ರ ಬೆಳಕು ಹಾಯಿಸಿದಾಗೆಲ್ಲ
ಮೆಟ್ಟಿಲ ಸಂದಿಯಲ್ಲೊಂದು ಹಸಿರು ಮಿಂಚು.
ಬಿಯಾಟ್ರಿಸ್ ಸಿಸ್ಟರ್ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಡುತ್ತಾರೆ,
ಮೂವತ್ತೊಂದು ವರ್ಷ ನಾಡಿ ಎಣಿಸಿದ ಗಡಿಯಾರ:
"ಎಂಟು ನಿಮಿಷ. ಓದಿ."

ದೀಪಸ್ತಂಭದ ಕಾವಲುಗಾರನ ಕತೆ, ಇಂಗ್ಲಿಷಿನಲ್ಲಿ.
ಸಮುದ್ರ ನಾನು ಕಂಡಿಲ್ಲ;
ಗೊರೂರಿನ ಕಟ್ಟೆಯ ಹಿಂದೆ ನಿಂತ ನೀರಿಗೇ
ಉಪ್ಪು ಬೆರೆಸಿ, ಅಲೆ ಎಬ್ಬಿಸಿ, ಓದಿಕೊಂಡೆ.
ಮೂರನೇ ದಿನ ಆತ ದಿನಚರಿ ಬರೆಯಲಿಲ್ಲ. ಏಕೆ?
ಎ) ಶಾಯಿ ಮುಗಿದಿತ್ತು.
ಬಿ) ಬಿರುಗಾಳಿ ಎದ್ದಿತ್ತು.
ಸಿ) ಅವನಿಗೆ ಜ್ವರ ಬಂದಿತ್ತು.
ಡಿ) ಗದ್ಯಭಾಗದಿಂದ ತಿಳಿದುಬರುವುದಿಲ್ಲ.

ನಾನು ಜ್ವರಕ್ಕೆ ಗುರುತು ಹಾಕಿದೆ.
ಎರಡನೇ ಪ್ಯಾರಾದಲ್ಲಿ ಒದ್ದೆ ಕೋಟಿನಲ್ಲೇ ಮಲಗಿದ ಮನುಷ್ಯ,
ಜ್ವರವಲ್ಲದೆ ಮತ್ತಿನ್ನೇನು ಬಂದೀತು?
ಸಿಸ್ಟರ್ ಕೆಂಪು ಗೆರೆ ಎಳೆದರು.
"ಜ್ವರ ನಿನ್ನ ತಲೆಯಲ್ಲಿದೆ ಕಣೇ, ಹಾಳೆಯಲ್ಲಿಲ್ಲ.
ಗೊತ್ತಿರೋದನ್ನೆಲ್ಲ ಚಪ್ಪಲಿ ಜೊತೆ ಹೊರಗೆ ಬಿಟ್ಟು ಬಾ.
ಬರೆದಿರೋದಷ್ಟೇ ಓದು.
ಇಲ್ಲದ್ದನ್ನ ಓದೋ ನರ್ಸು
ಇಲ್ಲದ ಕಾಯಿಲೆಗೆ ಸೂಜಿ ಚುಚ್ತಾಳೆ."

ಸರಿ. ಅಂದಿನಿಂದ ನಾನು ಹಾಳೆಯನ್ನಷ್ಟೇ ಓದುತ್ತೇನೆ.
ಬಸ್ಸಿನ ಟಿಕೆಟ್ಟು, ಗ್ಯಾಸಿನ ಪುಸ್ತಕ,
ಗೋಣಿಚೀಲದ ಮೇಲಿನ ಮಸುಕು ಅಚ್ಚು.
ಓದಿ, ಎಂಟು ನಿಮಿಷ ಇಟ್ಟುಕೊಂಡು,
ನನಗೆ ನಾನೇ ಪ್ರಶ್ನೆ ಹಾಕಿಕೊಳ್ಳುತ್ತೇನೆ.
ಮನೆಯಲ್ಲಿ ಓದಲು ಏನೂ ಉಳಿಯದ ಒಂದು ರಾತ್ರಿ
ಟ್ರಂಕಿನ ತಳದಿಂದ ತೆಗೆದೆ
ಅಪ್ಪನ ಡಿಸ್ಚಾರ್ಜ್ ಚೀಟಿ.

ರೋಗಿ: ದ್ಯಾವಯ್ಯ. ಐವತ್ತೆರಡು. ಹಮಾಲಿ.
ಸಕ್ಕರೆ ಕಾಯಿಲೆ. ಎಡಗಾಲು, ಎರಡು ಬೆರಳು, ಕೊಳೆತ ಗಾಯ.
ಶಸ್ತ್ರಚಿಕಿತ್ಸೆ ಗುರುವಾರಕ್ಕೆ ಗೊತ್ತಾಗಿತ್ತು.
ಬುಧವಾರ ಸಂಜೆ ರೋಗಿ
ವೈದ್ಯರ ಸಲಹೆಗೆ ವಿರುದ್ಧವಾಗಿ, ಸ್ವಂತ ಇಚ್ಛೆಯಿಂದ, ಹೊರಟಿದ್ದಾರೆ.
ಕೆಳಗೆ ಅಪ್ಪನ ರುಜು. ದ್ಯಾ-ದ ಒತ್ತಕ್ಷರ ಗೆರೆಯಿಂದ ಜಾರಿ
ಆಸ್ಪತ್ರೆಯ ಮೊಹರಿನೊಳಗೆ ಬಾಲ ಇಳಿಬಿಟ್ಟಿದೆ.

ಪ್ರಶ್ನೆ: ರೋಗಿ ಹೊರಟಿದ್ದು ಏಕೆ?
ಎ) ನೋವು ಕಮ್ಮಿಯಾಗಿತ್ತು.
ಬಿ) ಕತ್ತರಿಗೆ ಹೆದರಿದರು.
ಸಿ) ಜಲಂಧರದಿಂದ ಬಿತ್ತನೆ ಆಲೂಗಡ್ಡೆಯ ಲಾರಿಗಳು ಬಂದು ನಿಂತಿದ್ದವು,
ಮಂಡಿಯಲ್ಲಿ ಒಳ್ಳೇ ಕೂಲಿ ಅನ್ನೋದು ಇಪ್ಪತ್ತೇ ದಿನ,
ಮುಂಗಡ ಕೇಳಿದರೂ ಕೊಡುತ್ತಾರೆ.
ಡಿ)

ಪೆನ್ನು ಡಿ-ಯ ಮೇಲೆ ನಿಂತಿತ್ತು, ಸಿಸ್ಟರ್ ಮಾತು ಮೀರಲಿಲ್ಲ ನಾನು.
ಆದರೆ ಗುಂಡುಪಿನ್ನಿನ ತುಕ್ಕಿಗೆ ಅಂಟಿಕೊಂಡು
ಇನ್ನೊಂದು ಹಾಳೆ ಈಚೆ ಬಂತು, ಹಳದಿ, ತೆಳ್ಳಗೆ:
ಪ್ರವೇಶ ಪರೀಕ್ಷೆ ತರಬೇತಿ, ಮೊದಲ ಕಂತು.
ನಾಲ್ಕು ಸಾವಿರದ ಐನೂರು, ನಗದು.
ವಿದ್ಯಾರ್ಥಿನಿ: ಡಿ. ನೇತ್ರಾವತಿ.
ತಾರೀಕು, ಆ ಗುರುವಾರ.

ಎರಡು ಗದ್ಯಭಾಗ ಕೂಡಿಸಿ ಉತ್ತರ ಬರೆಯುವಂತಿಲ್ಲ.
ಅದೂ ನಿಯಮ.

ಇಪ್ಪತ್ತೆರಡು ಮೆಟ್ಟಿಲು ಆ ಕೋಣೆಗೆ.
ದಿನಾ ಹತ್ತುತ್ತೇನಲ್ಲ, ನನಗೆ ಗೊತ್ತು.
ಆ ದಿನ ಬಾಗಿಲ ಹೊರಗೆ
ಒಂದೇ ಒಂದು ಚಪ್ಪಲಿ ಬಿಟ್ಟಿರಬೇಕು ಅಪ್ಪ;
ಇನ್ನೊಂದು ಪಾದಕ್ಕೆ ಬರೀ ಪಟ್ಟಿ.
ನೋಟು ಎಣಿಸಿಕೊಂಡು ರಸೀದಿ ಬರೆದವರು
ಮೂವತ್ತೊಂದು ವರ್ಷ ಗಾಯ ತೊಳೆದವರು.
ಕೆಳಗೆ ನೋಡಿದರೋ ಇಲ್ಲವೋ.
ನೋಡಿದ್ದರೆ, ಅದನ್ನು ಎಲ್ಲಿ ಬಿಟ್ಟರೋ.
ಎರಡನೇ ಕಂತು ಅವರು ಇವತ್ತಿಗೂ ಕೇಳಿಲ್ಲ.

ಆಷಾಢದಲ್ಲಿ, ಎರಡು ತೆಗೆಯಬೇಕಾದಲ್ಲಿ ಮೂರು ತೆಗೆದರು.

ಈಗ ದಿನಾ ಊಟ ಆದ ಮೇಲೆ
ಬಲ್ಬಿನ ಕೆಳಗೆ ಮಣೆ ಹಾಕಿ ಪಾದ ಇಡುತ್ತಾನೆ ಅಪ್ಪ.
ಕುದಿಸಿ ಆರಿಸಿದ ನೀರು, ಹತ್ತಿ, ಮುಲಾಮು.
ಅಂಚು ಕೆಂಪಗಿದೆಯೇ, ವಾಸನೆ ಇದೆಯೇ,
ನಿನ್ನೆಗಿಂತ ಎಷ್ಟು ಒಣಗಿದೆ,
ಇದ್ದದ್ದನ್ನಷ್ಟೇ ನೋಡುತ್ತೇನೆ.

"ಇವತ್ತೆಷ್ಟು ಸರಿ ಬಂದ್ವವ್ವ?"
"ಹತ್ರಲ್ಲಿ ಏಳು."
"ಮೂರು ಹೋದ್ವಾ?"
"ಹೋದ್ವು."
ಪಾದ ಎರಡನ್ನೂ ಜೋಡಿಸಿ ಒಮ್ಮೆ ನೋಡಿಕೊಳ್ಳುತ್ತಾನೆ.
"ಬುಡು, ನಂಗೂ ಅಷ್ಟೇ ಉಳ್ದಿರೋದು.
ಏನ್, ನಡೀತಾ ಇಲ್ವಾ ನಾನು?"

ನಗುತ್ತಾನೆ.
ನಾನು ಪ್ಲಾಸ್ಟರಿನ ತುದಿ ಹಲ್ಲಲ್ಲಿ ಕಚ್ಚಿ ಹಿಡಿದಿದ್ದೇನೆ,
ಉತ್ತರ ಕೊಡಲು ಬಾಯಿ ಬಿಡುವಿಲ್ಲ.