ಐದನೇ ಕೋಣಿ

ಮುಂಜಾನಿ ಒಂಬತ್ತಕ್ಕ ಕೀಲಿ ತೆಗೀತೀನಿ.
ನಾನು ಅಂಬಾರಾಯ, ದಫೇದಾರ,
ಕಲಬುರಗಿ ಪೀಠ, ಐದನೇ ಕೋಣಿ.
ಬಿಳಿ ಪೇಟಾ, ಕೆಂಪು ಪಟ್ಟಿ, ಕೈಯಾಗ ಬೆಳ್ಳಿ ತಗಡಿನ ಕೋಲು.
ಕೋಲಿನ ಹಿಂದ ಬರೋರು ಮಾತ್ರ ಇಲ್ಲ,
ಹದಿನಾಲ್ಕು ತಿಂಗಳಾತು.

ಖುರ್ಚಿ ಒರಸ್ತೀನಿ.
ಎತ್ತರ ಬೆನ್ನಿಂದು, ಕಂದು ತೊಗಲಿಂದು.
ಈ ಊರಿನ ಕಲ್ಲುಧೂಳು
ಯಾರ ಅಪ್ಪಣಿಗೂ ಕಾಯಂಗಿಲ್ಲ,
ಬಂದು ಕುಂತುಬಿಡ್ತದ.

ಒಮ್ಮಿ ಒಬ್ಬ ಹೊಸ ವಕೀಲ, ಸಣ್ಣ ಹುಡುಗ,
ಬಾಗಲ ದಾಟಿದವನೇ ರೂಢಿಯಂಗ ತಲಿ ಬಾಗಿಸಿದ.
ಖುರ್ಚಿ ಹಿಂದಿಂದ ನಾ ಎದ್ದೆ, ಕೈಯಾಗ ಒರಸೋ ಬಟ್ಟಿ.
ಇಬ್ಬರೂ ನಕ್ಕಿವಿ.
ಆಮ್ಯಾಲ ನಗಿ ಬರಲಿಲ್ಲ.

ಹಳೇ ಸಾಹೇಬರು ಅರವತ್ತೆರಡು ತುಂಬಿ ಹೋದ್ರು.
ಅವರು ಹುಟ್ಟಿದ ತಾರೀಖು ಎಲ್ಲರಿಗೂ ಗೊತ್ತಿತ್ತು,
ಪ್ರಮಾಣ ಮಾಡಿದ ದಿನಾನೇ
ಏಳೋ ದಿನಾನೂ ಬರದಿಟ್ಟಂಗ.
ಎಳ್ಳಮಾಸಿ ಯಾವತ್ತು ಬೀಳ್ತದಂತ
ವರ್ಷದ ಮುಂಚೇನೇ ನೋಡಿಡೋ ಮಂದಿ ನಾವು.
ಅಷ್ಟು ಓದಿದೋರಿಗಿ ಕ್ಯಾಲೆಂಡರು ಯಾಕ ಕಾಣಲಿಲ್ಲೋ.

ಆಮ್ಯಾಲ ಹೆಸರು ಹೋಗ್ಯಾದ ಅಂದ್ರು.
ಹೆಂಗ ಹೋಗ್ತದ ಅಂತ ಕೇಳಿದೆ.
ಕ್ಲರ್ಕ್ ವೀರಭದ್ರಯ್ಯ ಚಾ ಅಂಗಡ್ಯಾಗ
ಕಪ್ಪು, ಬಶಿ ಸಾಲಾಗಿ ಇಟ್ಟು ತೋರಿಸಿದ:
ಇದು ಬೆಂಗಳೂರು, ಮೂರು ಮಂದಿ ದೊಡ್ಡವರು ಕುಂತು ಆರಸ್ತಾರ.
ಈ ಬಶಿ ಮುಖ್ಯಮಂತ್ರಿ, ಈ ಬಶಿ ರಾಜ್ಯಪಾಲರು.
ಸಕ್ಕರಿ ಡಬ್ಬಿ ದಿಲ್ಲಿ. ಅಲ್ಲಿ ಮತ್ತ ಮೂರು ಮಂದಿ.
ಕಡೀಕ ರಾಷ್ಟ್ರಪತಿ ಸಹಿ.
ನೊಣ ಒಂದು ಕಪ್ಪಿನಿಂದ ಡಬ್ಬಿಗಿ ಹಾರಿ
ಒಂದು ಸುತ್ತು ಹೊಡದು
ಮತ್ತ ಕಪ್ಪಿಗೇ ಬಂತು.
"ಹಿಂಗೂ ಆಗ್ತದ," ಅಂದ ವೀರಭದ್ರಯ್ಯ.

ಹೆಸರು ಜಗದೇವಿ ವಕೀಲರದು.
ಗಿಡ್ಡ ಆಳು, ಮೇಜಿನ ಹಿಂದ ನಿಂತ್ರ
ಕೊರಳಪಟ್ಟಿ ಅಷ್ಟೇ ಕಾಣ್ತದ,
ದನಿ ಮಾತ್ರ ವರಾಂಡದ ತನಕ.
ಬ್ರಹ್ಮಪುರದ ಅವರ ಓಣಿಗಿ ಒಬ್ಬಾವ ಬಂದಿದ್ದನಂತ, ಸಾದಾ ಅಂಗಿ,
ಇಸ್ತ್ರಿ ಮಾಡೋ ಲಾಡ್ಲೇಸಾಬನ ಕೇಳಿದನಂತ:
ಯಾವ ಪಾರ್ಟಿ, ಯಾರ‍್ಯಾರು ಬರ್ತಾರ,
ರಾತ್ರಿ ದೀಪ ಎಷ್ಟೊತ್ತಿನ ತನಕ.
ಲಾಡ್ಲೇಸಾಬ ಇದ್ದಲಿ ಊದಿ ಹೇಳಿದ:
"ಎರಡು ಕರಿ ಕೋಟು ಅವರಿ. ಎರಡಕ್ಕೂ ಮೊಣಕೈಗಿ ತ್ಯಾಪಿ.
ಇಪ್ಪತ್ತು ವರ್ಷಾತು, ಅವೇ ಎರಡು. ಬರಕೋರಿ."
ಬರಕೊಂಡನೋ ಇಲ್ಲೋ.

ಈ ಮಳಿಗಾಲಕ್ಕ ಫೈಲು ಹೊಳ್ಳಿ ಬಂತು.
ಯಾಕ ಅಂತ ಯಾರೂ ಹೇಳಂಗಿಲ್ಲ, ಕೇಳಂಗೂ ಇಲ್ಲ.
ಮರುದಿನಾನೂ ಬಂದ್ರು ಜಗದೇವಿ ವಕೀಲರು, ಅದೇ ಕೋಟು,
ಚಿತ್ತಾಪುರದ ಬಾವಿ ಪಾಲಿನ ಅಪೀಲಿಗಿ
ಇನ್ನೊಂದು ತಾರೀಖು ಇಸಕೊಂಡ್ರು.
ಆ ಬಾವಿ ಮುಚ್ಚಿ ಆರು ವರ್ಷಾತು.
ಪಾಲು ಕೇಳಿದ ಸಾಬಮ್ಮ ಇನ್ನಾ ಬರ್ತಾಳ,
ಬಾಗಲಾಗ ನಿಂತು ಇಣಕಿ, ದನಿ ತೆಗ್ಗಿಸಿ ಕೇಳ್ತಾಳ:
"ಸಾಹೇಬರು ಊಟಕ್ಕ ಹೋಗ್ಯಾರೇನ್ರಿ?"
ನಾ ಹೌದವ್ವ ಅಂತೀನಿ.

ಬರೋ ಮೇ ತಿಂಗಳು ನಂದೂ ಆಗ್ತದ, ಅರವತ್ತು.
ನನ್ನ ಜಾಗಾಕ್ಕ ಯಾವ ಹೆಸರೂ ದಿಲ್ಲಿಗಿ ಹೋಗಂಗಿಲ್ಲ.
ಗುತ್ತೇದಾರ ಒಂದು ಫೋನ್ ಮಾಡಿ
ಹುಡುಗನ್ನ ಈಗೇ ಕಳಿಸ್ಯಾನ.
ಪಗಾರ ಅರ್ಧ, ಪೇಟಾ ಸಡ್ಲ.

ಅವನಿಗಿ ಕಲಸ್ಲತ್ತೀನಿ:
ಎರಡೂ ಕೈಲೆ ಹಿಡಿ. ಕಾಲು ಕರ‍್ರ್ ಅನಬಾರದು.
ಅವರು ಕೂಡೋ ಹೊತ್ತಿಗಿ
ತಾಕಿದಂಗ ತಾಕದಂಗ ಮುಂದ ತಳ್ಳಬೇಕು.
ಹುಡುಗ ತಳ್ಳಿದ. ಚೊಲೋ ತಳ್ಳಿದ.
ಹಿಂದ ಎಳದು, ಗಾಳಿ ಕೂಡಿಸಿ,
ಮತ್ತ ತಳ್ಳಿದ.

ತೆಳಗ ಒಂದು ತಿರುಪು ಅದ, ನೋಡು, ಅಂದೆ.
ಎರಡು ಸುತ್ತು ತಿರುವು,
ಒಂದೀಟು ಗಿಡ್ಡಾಗಲಿ ಖುರ್ಚಿ,
ಕೂತೋರ ಕಾಲು ನೆಲಕ್ಕ ಮುಟ್ಟಬೇಕು.

ಯಾರ ಕಾಲು ಅಂತ ಅವ ಕೇಳಲಿಲ್ಲ.
ತಿರುವಿದ.