ಐದನೆಯ ಹೆಗಲು

ಅಕ್ಟೋಬರಿನಿಂದ ಫುಸಾಯೆಯ ಬೂಟುಗಳು
ಬಾಗಿಲ ಬಳಿ ಗೋಡೆಗೆ ಮೂತಿ ಹಚ್ಚಿ ಕೂತಿವೆ,
ಮುನಿಸಿಕೊಂಡ ಅಕ್ಕತಂಗಿಯರ ಹಾಗೆ.

ಕಾರಣ ಕೇಳಿದರೆ ಇಲ್ಲ.
ಮಂಡಿನೋವಿಲ್ಲ, ಮನೆಯಲ್ಲಿ ಸಾವಿಲ್ಲ.
ಒಂದು ಮಂಗಳವಾರ ನಸುಕಿನಲ್ಲಿ
ಎಡಗಾಲಿನ ಲಾಡಿ ಬಿಗಿದು ಬಲಗಾಲಿಗೆ ಬರುವಷ್ಟರಲ್ಲಿ
ಯಾತಕ್ಕೆ ಅನ್ನಿಸಿತು, ಅಷ್ಟೆ.
ಒಂದೇ ಬೂಟಿನಲ್ಲಿ ಕೂತಿದ್ದಳು
ಚಹಾದ ನೀರು ಕುದ್ದು ಆರುವ ತನಕ.

ಹನ್ನೊಂದು ವರ್ಷ ಒಬ್ಬಳೇ ಓಡಿದವಳು,
ಕೈಗಡಿಯಾರದ ಜೊತೆ ಜಗಳವಾಡುತ್ತ,
ಹೋದ ವರ್ಷದ ತನ್ನನ್ನೇ ಅಟ್ಟಿಸಿಕೊಂಡು.
ಹೋದ ವರ್ಷದವಳು ಯಾವಾಗಲೂ
ಒಂದು ವರ್ಷ ಚಿಕ್ಕವಳು.
ಸಿಗುವುದಾದರೂ ಹೇಗೆ?

ಜನವರಿಯಲ್ಲಿ ಅಂಚೆಕಚೇರಿಯ ಅವಳ ಕಿಟಕಿಗೆ
ಕ್ಷೌರದಂಗಡಿಯ ಒನೊದೆರಾ ಬಂದ.
ಎರಡು ಅಂಚೆಚೀಟಿ ಕೊಂಡ. ಹೋಗಲಿಲ್ಲ.
"ಊರಿನ ಎಕಿದೆನ್‌ ಓಟಕ್ಕೆ ಆರು ಜನ ಬೇಕು,
ಐವರಿದ್ದೇವೆ. ಐದನೆಯ ಪಾಳಿ ಖಾಲಿ.
ನಾಲ್ಕೂವರೆ ಕಿಲೋಮೀಟರು, ಕಡಲ ಗೋಡೆಯ ಗುಂಟ."
"ನಾನು ಓಡುವುದು ಬಿಟ್ಟೆನಲ್ಲ."
"ಗೊತ್ತು. ಐದೂ ಹತ್ತಕ್ಕೆ ನೀವು ಅಂಗಡಿ ದಾಟಿದರೆ
ನಾನು ಅನ್ನಕ್ಕಿಡುತ್ತಿದ್ದೆ.
ಈಗ ದಿನಾ ತಡ."

ಮೊದಲ ದಿನ ಎಂಟುನೂರು ಮೀಟರಿಗೇ ಪಕ್ಕೆ ಹಿಡಿಯಿತು.
ಎರಡನೆಯ ದಿನ ಹೋಗಲೇ ಇಲ್ಲ.
ಮೂರನೆಯ ದಿನ ಮಳೆ ಬರಲಿ ಎಂದು ಕಾದಳು,
ಬರಲಿಲ್ಲ.

ಫೆಬ್ರವರಿ. ಶಿಕೊಕುವಿನ ಆ ಪುಟ್ಟ ಬಂದರು.
ಕಿತ್ತಳೆ ಸುಲಿಯುತ್ತ ರಸ್ತೆಗೆ ನಿಂತ ಮುದುಕಿಯರು,
ಮೀನುಬಲೆ ಹಾರಿಸುವ ಗಾಳಿ.
ಇಲ್ಲಿ ಕೈಯಿಂದ ಕೈಗೆ ಕೋಲು ದಾಟುವುದಿಲ್ಲ.
ಒಂದು ಬಟ್ಟೆಯ ಪಟ್ಟಿ, ತಸುಕಿ ಅದರ ಹೆಸರು,
ಜನಿವಾರದ ಹಾಗೆ ಹೆಗಲಿಂದ ಸೊಂಟಕ್ಕೆ ಓರೆ.
ಆದರೆ ಇದು ಕುಲ ಕೇಳುವುದಿಲ್ಲ.
ಒಬ್ಬರು ಕಳಚಿದ್ದನ್ನು ಇನ್ನೊಬ್ಬರು ತೊಡಬೇಕು
ಬೆವರು ಆರುವ ಮುಂಚೆ.
ಮೈಲಿಗೆಯೆಂಬ ಮಾತೇ ಇಲ್ಲ.

ಹತ್ತೂ ನಲವತ್ತಕ್ಕೆ ಬಾರದಿದ್ದವರ ತಂಡಕ್ಕೆ
ಬದಲಿ ಪಟ್ಟಿ ತೊಡಿಸಿ ಓಡಿಸುತ್ತಾರೆ.
ಒಬ್ಬ ಅಧಿಕಾರಿಯ ತೋಳ ಮೇಲೆ ಅವು ಸಿದ್ಧ,
ಇಸ್ತ್ರಿಯಾದ ಬಿಳಿಯವು.
ಒಣಗಿದವು. ಯಾರವೂ ಅಲ್ಲದವು.

ಹತ್ತೂ ಮೂವತ್ತೆಂಟು. ಒನೊದೆರಾ ಇಲ್ಲ.
ಮೂವತ್ತೊಂಬತ್ತು. ತಿರುವಿನಲ್ಲಿ ಬರೀ ಗಾಳಿ.
ಅಧಿಕಾರಿ ನಯವಾಗಿ ತಲೆಬಾಗಿ
ಬಿಳಿಯದೊಂದನ್ನು ಬಿಚ್ಚಿದ.
ಬೇಡ, ಎಂದಿತು ಫುಸಾಯೆಯ ಗಂಟಲು
ಅವಳನ್ನು ಕೇಳದೆ.
ಎಷ್ಟು ತಿಂಗಳಾಗಿತ್ತು
ಒಳಗಿನಿಂದ ಏನಾದರೂ ಹಾಗೆ ಕೂಗಿ!

ಆಗ ತಿರುವಿನಲ್ಲಿ ಬೋಳುತಲೆಯೊಂದು ಹೊಳೆಯಿತು.
ಓಟವಲ್ಲ ಅದು, ಬೀಳದಿರುವ ಒಂದು ಬಗೆ.
ಮುಷ್ಟಿಗೆ ಸುತ್ತಿದ ನೇರಳೆ ಪಟ್ಟಿಯನ್ನು
ದೂರದಿಂದಲೇ ಚಾಚಿಕೊಂಡು ಬಂದ,
ಕೈಯಾದರೂ ಮೊದಲು ತಲುಪಲಿ ಎಂಬಂತೆ.
ಏಳು ಸೆಕೆಂಡು ಉಳಿದಿತ್ತು.

ಕೊರಳಿಗೆ ಬಿದ್ದದ್ದು ತಣ್ಣಗೆ, ಒದ್ದೆ, ಭಾರ:
ಹೈಸ್ಕೂಲಿನ ಚಿಜುರು, ತೋಫು ಮಾಡುವ ವಾಕುಯಿ,
ಹಡಗುಕಟ್ಟೆಯಲ್ಲಿ ದುಡಿಯಲು ವಿಯೆಟ್ನಾಮಿನಿಂದ ಬಂದ ಥುಯ್,
ಈ ಮುದುಕ.
ನಾಲ್ವರ ಉಪ್ಪು ಅವಳ ಎದೆಯ ಮೇಲೆ ಓರೆಯಾಗಿ.

ಚೆನ್ನಾಗಿ ಓಡಿದಳು ಎನ್ನಲಾರೆ.
ಇಬ್ಬರು ಹುಡುಗರು ಹಿಂದೆ ಹಾಕಿದರು,
ಒಬ್ಬ ಹೋಗುತ್ತ ಕ್ಷಮೆಯನ್ನೂ ಕೇಳಿದ.
ಕೊನೆಯ ಏರಿನಲ್ಲಿ ಮತ್ತೆ ಬಂತು ಆ ಹಳೆಯ ಪ್ರಶ್ನೆ.
ಏರಿನ ತುದಿಯಲ್ಲಿ ಸಂಗೀತದ ಮೇಷ್ಟ್ರು ಹಿರೊನಾಗ
ಚಳಿಗೆ ಒಂಟಿಕಾಲಲ್ಲಿ ಕುಣಿಯುತ್ತ
ಎರಡೂ ಕೈ ಒಡ್ಡಿ ನಿಂತಿದ್ದ.
ಉತ್ತರ ಕೊಡಲು ಅವಳಿಗೆ ಪುರಸೊತ್ತಾಗಲಿಲ್ಲ.

ಮೂವತ್ತನಾಲ್ಕು ತಂಡಗಳಲ್ಲಿ ಮೂವತ್ತೆರಡನೆಯದು.
ತಸುಕಿ ಒಗೆಯುವ ಸರದಿ ಚೀಟಿಯಲ್ಲಿ ಅವಳಿಗೇ ಬಿತ್ತು.
ರಾತ್ರಿಯೆಲ್ಲ ಬಾಲ್ಕನಿಯ ತಂತಿಯಲ್ಲಿ ತೊಟ್ಟಿಕ್ಕಿತು.

ಸೋಮವಾರ ಅದನ್ನು ಮಡಚಿ ಜೇಬಿಗಿಟ್ಟು
ಗೋಡೆಗೆ ಮುಖ ಮಾಡಿದವರನ್ನು ಇತ್ತ ತಿರುಗಿಸಿ
ಮರಳಿಸಲು ಹೊರಟಳು, ಇನ್ನೂ ಕತ್ತಲು.
ಕ್ಷೌರದಂಗಡಿಯ ಬಾಗಿಲು ಮುಚ್ಚಿತ್ತು.
ಒಳಗೆ ದೀಪ. ಅಕ್ಕಿ ತೊಳೆಯುವ ಸದ್ದು.
ಐದೂ ಹತ್ತು.

ಬಡಿಯಲು ಎತ್ತಿದ ಕೈ ಇಳಿಸಿ
ಕಡಲ ಕಡೆಗೆ ಹೊರಳಿದಳು.
ಬರುವಾಗ ಕೊಟ್ಟರಾಯಿತು.